ಹಲ್ಲಿ ಬಿದ್ದ ಫಲ

ನಮ್ಮ ಪಂಚಾಂಗಗಳಲ್ಲಿ ‘ಹಲ್ಲಿ ಬೀಳುವ ಫಲ’ ಎಂಬ ಒಂದು ಪಟ್ಟಿ ಇರುವುದನ್ನು ವಾಚಕರು ನೋಡಿರಬಹುದು. ತಲೆಯ ಮೇಲೆ ಬಿದ್ದರೆ ಒಂದು ಫಲ, ಭುಜದ ಮೇಲೆ ಬಿದ್ದರೆ ಇನ್ನೊಂದು, ಪಾದದ ಮೇಲೆ ಬಿದ್ದರೆ ಮತ್ತೊಂದು. ಹೀಗೆ ಮನುಷ್ಯದೇಹದ ಯಾವ ಭಾಗವನ್ನೂ ಬಿಡದೆ ಅಲ್ಲಿ ಲೆಕ್ಕ ಕೊಟ್ಟಿರುತ್ತಾರೆ. ಬಿದ್ದ ಹಲ್ಲಿಗೆ ಏನಾಯಿತೆಂಬುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅದು ಏಕೆ ಬಿದ್ದಿತೆಂದೂ ಪಂಚಾಂಗಕರ್ತರು ಕೇಳಿದಂತೆ ಕಾಣುವುದಿಲ್ಲ. ನಯವಾದ ಗಾಜಿನ ಮೇಲೆ ತಲೆಕೆಳಗಾಗಿ ಓಡಾಡಬಲ್ಲ ಪ್ರಾಣಿ ಸುಮ್ಮಸುಮ್ಮನೆ ಬೀಳುವುದಿಲ್ಲ. ಬಿದ್ದಿತೆಂದರೆ ಅದಕ್ಕೊಂದು ಕಾರಣವಿರಲೇಬೇಕು.

ಈ ಪ್ರಶ್ನೆ ನನಗೆ ಎದುರಾದುದು ೨೦೨೩ನೆಯ ಡಿಸೆಂಬರ್ ತಿಂಗಳಿನಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲಸಿರುವ ನನ್ನ ಅಕ್ಕನ ಮನೆಯಲ್ಲಿ. ಅಕ್ಕನ ಮಗನಿಗೆ ಆಗ ಹನ್ನೊಂದು ವರ್ಷ. ಆತ ಗಾಜಿನ ಪೆಟ್ಟಿಗೆಯೊಂದರಲ್ಲಿ ಒಂದು ಹಲ್ಲಿಯನ್ನು ಸಾಕಿದ್ದನು. ಗೇಣಿನಷ್ಟು ಉದ್ದ, ಅಚ್ಚುಬೆಲ್ಲದ ಬಣ್ಣ. ಆದುದರಿಂದ ಅದಕ್ಕೆ ‘ಬೆಲ್ಲ’ ಎಂದೇ ಹೆಸರು. ‘ಊರಿನಲ್ಲಿ ಹಲ್ಲಿ ಕಂಡರೆ ಪೊರಕೆ ಹಿಡಿಯುತ್ತಿದ್ದವಳು ನಾನು. ಈಗ ನೋಡು, ಹಲ್ಲಿಗೆ ಹಣ್ಣು ಕಲಸಿಡುತ್ತಿದ್ದೇನೆ’ ಎಂದು ಅಕ್ಕ ನಕ್ಕಳು. ಹುಡುಗನ ಮುಖದಲ್ಲಿ ನಗು ಇರಲಿಲ್ಲ. ‘ಮಾಮ, ಬೆಲ್ಲ ಗಾಜು ಹತ್ತೋದೇ ಇಲ್ಲ. ಹತ್ತಿದ್ರೂ ಜಾರಿ ಬೀಳುತ್ತೆ. ನೀವು ಹೇಳಿದ ಹಾಗೇ ದೀಪ ಹಾಕಿದ್ದೀವಿ’ ಎಂದನು.

ದೀಪದ ಮಾತು ನಿಜ. ಅಕ್ಟೋಬರಿನಲ್ಲಿ ಚಳಿ ತೊಡಗಿದಾಗ ಹುಡುಗ ದೂರವಾಣಿಯಲ್ಲಿ ನನ್ನ ಸಲಹೆ ಕೇಳಿದ್ದನು. ಹಲ್ಲಿ ಶೀತರಕ್ತದ ಪ್ರಾಣಿ, ತನ್ನ ದೇಹದೊಳಗೆ ಶಾಖವನ್ನು ಹುಟ್ಟಿಸಿ ಕಾಪಾಡಿಕೊಳ್ಳಲಾರದು, ಹೊರಗಿನಿಂದ ಶಾಖ ಕೊಡಬೇಕು, ಪೆಟ್ಟಿಗೆಯ ಮೇಲೆ ಶಾಖದ ದೀಪವೊಂದನ್ನು ತೂಗುಹಾಕಿರಿ ಎಂದು ನಾನು ಹೇಳಿದ್ದೆ. ಭೌತಶಾಸ್ತ್ರದ ಉಪನ್ಯಾಸಕನ ಮಾತೆಂದು ಭಾವನವರು ಮರುದಿನವೇ ಅದನ್ನು ತಂದು ಹಾಕಿಸಿದ್ದರು. ಆ ಸಲಹೆಯಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ನಾನು ಬಿಟ್ಟುದರಿಂದ ಆ ಬಡಪ್ರಾಣಿಗೆ ಏನಾಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ಪರಿಚಯ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೆಸ್ಟೆಡ್ ಗೆಕೊ ಎಂದು ಹೆಸರು. ಜುಟ್ಟಿನ ಹಲ್ಲಿ ಎಂದು ನಾವು ಕರೆಯಬಹುದು. ಎರಡು ಕಣ್ಣುಗಳ ಮೇಲಿನಿಂದ ಹೊರಟು ಬೆನ್ನಿನವರೆಗೆ ಮೃದುವಾದ ಮುಳ್ಳುಗಳ ಸಾಲೊಂದು ಇಳಿಯುತ್ತದೆ. ಕಣ್ಣಿನ ಮೇಲೆ ಇವು ರೆಪ್ಪೆಗೂದಲಿನಂತೆ ಕಾಣುವುದರಿಂದಲೇ ಶಾಸ್ತ್ರೀಯ ನಾಮವೂ ಕೊರೆಲೋಫಸ್ ಸಿಲಿಯೇಟಸ್ ಎಂದಾಗಿದೆ. ವಿನೋದವೆಂದರೆ ಈ ಪ್ರಾಣಿಗೆ ಮುಚ್ಚಿ ತೆರೆಯುವ ರೆಪ್ಪೆಯೇ ಇಲ್ಲ. ಕಣ್ಣಿಗೆ ಧೂಳು ಬಿದ್ದರೆ ಉದ್ದನೆಯ ನಾಲಗೆಯನ್ನು ಚಾಚಿ ನೆಕ್ಕಿಕೊಳ್ಳುತ್ತದೆ. ಬೆಳೆದ ಹಲ್ಲಿ ಬಾಲವೂ ಸೇರಿ ಸುಮಾರು ೨೦ ಸೆಂಟಿಮೀಟರು ಉದ್ದ, ನಾಲ್ವತ್ತು ಐವತ್ತು ಗ್ರಾಂ ತೂಕ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಮಿಕ್ಕಿ ಬದುಕುವುದುಂಟು.

ಇದರ ತವರು ನ್ಯೂ ಕ್ಯಾಲೆಡೋನಿಯ. ಆಸ್ಟ್ರೇಲಿಯದ ಪೂರ್ವತೀರದಿಂದ ಸಾವಿರ ಕಿಲೋಮೀಟರಿಗೂ ಆಚೆ, ಪೆಸಿಫಿಕ್ ಸಾಗರದಲ್ಲಿರುವ, ಫ್ರಾನ್ಸಿಗೆ ಸೇರಿದ ದ್ವೀಪಸಮೂಹ ಅದು. ೧೮೬೬ರಲ್ಲಿ ಗಿಶೆನೊ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞನು ಈ ಹಲ್ಲಿಯನ್ನು ಮೊದಲಬಾರಿಗೆ ವರ್ಣಿಸಿದನು. ಆಮೇಲೆ ಬಹುಕಾಲ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. ಈ ಜಾತಿ ನಿರ್ವಂಶವಾಯಿತೆಂದೇ ಬಗೆದಿದ್ದರು. ೧೯೯೪ರಲ್ಲಿ ರಾಬರ್ಟ್ ಸೈಪ್ ಎಂಬಾತನ ನೇತೃತ್ವದ ತಂಡವೊಂದು ಅದನ್ನು ಜೀವಂತವಾಗಿ ಕಂಡಿತು. ಆ ಕಾಲದಲ್ಲಿ ಹೊರಗೆ ತಂದ ಕೆಲವು ಹಲ್ಲಿಗಳು ಸಾಕುವವರ ಮನೆಗಳಲ್ಲಿ ಸುಲಭವಾಗಿ ಮೊಟ್ಟೆಯಿಟ್ಟು ಮರಿಮಾಡಿದುವು. ಇಂದು ಯೂರೋಪು ಅಮೆರಿಕಗಳಲ್ಲಿ ಮಾರಾಟವಾಗುವ ಜುಟ್ಟಿನ ಹಲ್ಲಿಗಳೆಲ್ಲ ಪಂಜರದಲ್ಲೇ ಹುಟ್ಟಿದ ಪೀಳಿಗೆಗಳು. ತವರಿನಲ್ಲಾದರೋ ಇಲಿ, ಬೆಕ್ಕುಗಳಿಂದಲೂ ಹೊರಗಿನಿಂದ ಬಂದು ನೆಲೆಯೂರಿದ ಒಂದು ಬಗೆಯ ಬೆಂಕಿ ಇರುವೆಯಿಂದಲೂ ಅದಕ್ಕೆ ಅಪಾಯ ತಪ್ಪಿಲ್ಲ. ನೂರಿಪ್ಪತ್ತೆಂಟು ವರ್ಷಗಳ ಅಜ್ಞಾತವಾಸ ಮುಗಿಸಿ ಬಂದ ಪ್ರಾಣಿ ಅಕ್ಕನ ಊಟದ ಮನೆಯಲ್ಲಿ ಕುಳಿತಿದೆಯೆಂಬುದು ನನಗೆ ಬಹು ಸೋಜಿಗವಾಗಿ ಕಂಡಿತು.

ಇನ್ನು ಅದರ ಕಾಲಿನ ವಿಚಾರ. ಹಲ್ಲಿ ಗೋಡೆಗೆ ಅಂಟುವುದು ಅಂಟಿನಿಂದಲ್ಲ. ಅದರ ಪಾದದಲ್ಲಿ ಅಂಟುದ್ರವವನ್ನು ಸ್ರವಿಸುವ ಗ್ರಂಥಿಗಳೇ ಇಲ್ಲ. ಗಾಳಿಯನ್ನು ಹೀರಿ ಹಿಡಿಯುವ ಬಟ್ಟಲುಗಳೂ ಇಲ್ಲ. ಬೆರಳುಗಳ ಅಡಿಯಲ್ಲಿ ಅಡ್ಡಡ್ಡವಾದ ಪಟ್ಟಿಗಳಿವೆ. ಆ ಪಟ್ಟಿಗಳ ತುಂಬ ಕಣ್ಣಿಗೆ ಕಾಣದ ರೋಮಗಳು. ಇವುಗಳ ಮೇಲೆ ಹೆಚ್ಚಿನ ಪರಿಶೋಧನೆ ನಡೆದಿರುವುದು ಆಗ್ನೇಯ ಏಷ್ಯದ ಟೋಕೆ ಎಂಬ ದೊಡ್ಡ ಹಲ್ಲಿಯಲ್ಲಿ. ಅದರ ಒಂದೊಂದು ಪಾದದಲ್ಲಿ ಸುಮಾರು ಐದು ಲಕ್ಷ ರೋಮಗಳು. ಒಂದೊಂದರ ಉದ್ದ ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ರೋಮದ ತುದಿ ಪೊರಕೆಯಂತೆ ಸೀಳಿ ನೂರಾರು ಕವಲುಗಳಾಗುತ್ತದೆ. ಕವಲಿನ ಕೊನೆ ಚಪ್ಪಟೆಯಾದ ಸೌಟಿನಂತಿದ್ದು, ಅದರ ಅಗಲ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ ಮಾತ್ರ.

ಯಾವುದೇ ಎರಡು ವಸ್ತುಗಳ ಅಣುಗಳು ಬಹು ಸಮೀಪಕ್ಕೆ ಬಂದಾಗ ಅವುಗಳ ನಡುವೆ ಸಣ್ಣದೊಂದು ಆಕರ್ಷಣೆ ಹುಟ್ಟುತ್ತದೆ. ಅನಿಲಗಳ ವರ್ತನೆಯನ್ನು ವಿವರಿಸುತ್ತ ೧೮೭೩ರಲ್ಲಿ ಇಂಥ ಆಕರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡವನು ಹಾಲೆಂಡಿನ ವಾನ್ ಡರ್ ವಾಲ್ಸ್. ಆತನ ಹೆಸರೇ ಈ ಬಲಕ್ಕೆ ನಿಂತಿದೆ. ನಾವು ಅಂಗೈಯನ್ನು ಗೋಡೆಗೆ ಒತ್ತಿದಾಗಲೂ ಈ ಬಲ ಇದ್ದೇ ಇರುತ್ತದೆ. ಆದರೆ ಅಂಗೈಯ ಉಬ್ಬುತಗ್ಗುಗಳಿಂದಾಗಿ ನಿಜವಾಗಿ ಗೋಡೆಯನ್ನು ಮುಟ್ಟುವ ಭಾಗ ತೀರ ಅತ್ಯಲ್ಪ. ಹಲ್ಲಿಯ ಸೂಕ್ಷ್ಮ ಸೌಟುಗಳು ಗೋಡೆಯ ಪ್ರತಿ ಉಬ್ಬುತಗ್ಗಿಗೂ ಹೊಂದಿಕೊಂಡು ಕೂಡುತ್ತವೆ. ೨೦೦೦ದಲ್ಲಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಟೋಕೆಯ ಒಂದೇ ಒಂದು ರೋಮದ ಹಿಡಿತವನ್ನು ಅಳೆದರು. ಅದು ಸುಮಾರು ೨೦ ಮಿಲಿಗ್ರಾಂ ತೂಕವನ್ನು ಹೊರುವಷ್ಟಿತ್ತು. ಐದು ಲಕ್ಷದಿಂದ ಗುಣಿಸಿ ನೋಡಿ, ಒಂದು ಪಾದಕ್ಕೆ ಹತ್ತು ಕಿಲೋಗ್ರಾಂ ಆಗುತ್ತದೆ! ಎಲ್ಲ ರೋಮಗಳೂ ಏಕಕಾಲದಲ್ಲಿ ಗೋಡೆಯನ್ನು ಮುಟ್ಟುವುದಿಲ್ಲವೆಂಬುದು ನಿಜ. ಆದರೂ ಐವತ್ತು ಗ್ರಾಂ ತೂಕದ ಪ್ರಾಣಿಗೆ ಬೇಕಾದುದಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು. ನಮ್ಮ ಜುಟ್ಟಿನ ಹಲ್ಲಿಗೆ ಬೆರಳುಗಳಲ್ಲದೆ ಬಾಲದ ತುದಿಯಲ್ಲೂ ಇಂಥ ಪಟ್ಟಿಯೊಂದುಂಟು.

ಇಂತಹ ಹಿಡಿತವಿದ್ದೂ ಬೆಲ್ಲ ಜಾರಿತೇಕೆ? ವಾನ್ ಡರ್ ವಾಲ್ಸ್ ಬಲದ ಒಂದು ಗುಣದಲ್ಲಿ ಉತ್ತರವಿದೆ. ದೂರ ಹೆಚ್ಚಿದಂತೆ ಅದು ಅತಿ ಬೇಗ ಕುಗ್ಗುತ್ತದೆ. ಅಣುಗಳ ಗಾತ್ರದ ಕೆಲವೇ ಪಾಲು ಅಂತರವಾದರೂ ಸಾಕು, ಹಿಡಿತ ಹೋಯಿತೆಂದೇ ಲೆಕ್ಕ. ರೋಮಗಳಿಗೂ ಗಾಜಿಗೂ ನಡುವೆ ತೆಳ್ಳನೆಯ ಪೊರೆಯೊಂದು ಬಂದರೆ ಆ ಲಕ್ಷಾಂತರ ರೋಮಗಳು ಇದ್ದೂ ಇಲ್ಲದಂತೆಯೇ.

ಹುಡುಗನ ಅಂಗೈ ಮೇಲಿದ್ದ ಬೆಲ್ಲದ ಪಾದಗಳನ್ನು ಭೂತಗನ್ನಡಿ ಹಿಡಿದು ನೋಡಿದೆವು. ಬೆರಳುಗಳಿಗೆ ಬಿಳಿಯ ಕಾಗದ ಸುತ್ತಿದಂತಿತ್ತು. ಪ್ರಾಣಿ ಪೊರೆ ಬಿಟ್ಟಿದೆ. ಮೈಯ ಪೊರೆಯೆಲ್ಲ ಹೋಗಿ ಬೆರಳುಗಳ ಪೊರೆ ಮಾತ್ರ ಕಳಚದೆ ಒಣಗಿ ಕಚ್ಚಿಕೊಂಡಿದೆ. ಮೂರು ಬೆರಳುಗಳಲ್ಲಿ ಅದು ಬಿಗಿದ ದಾರದಂತಾಗಿತ್ತು. ಬಲಗಡೆಯ ಹಿಂಗಾಲಿನ ಕಿರುಬೆರಳ ತುದಿ ಆಗಲೇ ಕಪ್ಪಾಗಿತ್ತು. ರಕ್ತಸಂಚಾರ ನಿಂತರೆ ಮುಂದೇನಾಗುವುದೆಂದು ಹೇಳಬೇಕಾಗಿಲ್ಲ.

ಜುಟ್ಟಿನ ಹಲ್ಲಿ ಕೆಲವು ವಾರಗಳಿಗೊಮ್ಮೆ ಪೊರೆ ಬಿಡುತ್ತದೆ. ಹಳೆಯ ಚರ್ಮದ ಕೆಳಗೆ ಹೊಸ ಚರ್ಮ, ಹೊಸ ರೋಮಗಳ ಸಮೇತ, ಮೊದಲೇ ಸಿದ್ಧವಾಗಿರುತ್ತದೆ. ಎರಡು ಪದರಗಳ ನಡುವೆ ದ್ರವ ಸೇರಿ ಹಳೆಯದು ಸಡಿಲವಾಗುತ್ತದೆ. ಪ್ರಾಣಿ ಅದನ್ನು ಬಾಯಿಂದ ಎಳೆದು, ಕೈಗವಸು ಬಿಚ್ಚುವಂತೆ ಬೆರಳುಗಳಿಂದ ಬಿಡಿಸಿ, ನುಂಗಿಬಿಡುತ್ತದೆ. ರಾತ್ರಿ ನಡೆಯುವ ಕಾರ್ಯವಾದುದರಿಂದ ಸಾಕಿದವರಿಗೂ ಎಷ್ಟೋ ವೇಳೆ ಗೊತ್ತಾಗುವುದಿಲ್ಲ. ಈ ಇಡೀ ಕೆಲಸ ಸುಗಮವಾಗಿ ನಡೆಯಬೇಕಾದರೆ ಪೊರೆ ಮೆತ್ತಗಿರಬೇಕು. ಪೊರೆ ಮೆತ್ತಗಿರಬೇಕಾದರೆ ಸುತ್ತಣ ಗಾಳಿಯಲ್ಲಿ ತೇವವಿರಬೇಕು.

ಚರ್ಮಕ್ಕೂ ಗಾಳಿಯ ತೇವಕ್ಕೂ ಇರುವ ನಂಟು ನಮ್ಮ ಶಾಸ್ತ್ರಕ್ಕೆ ಹಳೆಯ ಪರಿಚಯವೇ. ೧೭೮೩ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿಯು ಮನುಷ್ಯನ ತಲೆಗೂದಲಿನಿಂದ ಆರ್ದ್ರತೆಯನ್ನು ಅಳೆಯುವ ಉಪಕರಣವನ್ನು ವರ್ಣಿಸಿದನು. ಒಣಗಾಳಿಯಿಂದ ತೇವ ತುಂಬಿದ ಗಾಳಿಗೆ ಬಂದಾಗ ಕೂದಲು ನೂರಕ್ಕೆ ಎರಡು ಎರಡೂವರೆ ಭಾಗದಷ್ಟು ಉದ್ದವಾಗುತ್ತದೆ. ಆ ಚಲನೆಯನ್ನು ಮುಳ್ಳೊಂದಕ್ಕೆ ಒಯ್ದರೆ ಗಡಿಯಾರದಂತೆ ಓದಬಹುದು. ಕೂದಲು ಕೆರಟಿನ್ ಎಂಬ ಪದಾರ್ಥದಿಂದಾದುದು. ಕೆರಟಿನ್ ನೀರನ್ನು ಹೀರಿ ಮೆತ್ತಗಾಗುತ್ತದೆ, ನೀರು ಬಿಟ್ಟು ಬಿರುಸಾಗುತ್ತದೆ. ಹಲ್ಲಿಯ ಪೊರೆಯೂ ಪಾದದ ರೋಮಗಳೂ ಅದೇ ವರ್ಗದ ಪದಾರ್ಥದಿಂದಾದುವೇ. ಒಣಗಾಳಿಯಲ್ಲಿ ಹಳೆಯ ಪೊರೆ ಕುಗ್ಗಿ ಬೆರಳನ್ನು ಬಿಗಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಅಕ್ಕನ ಮನೆಯ ಗಾಳಿ ಒಣಗಿದುದು ಹೇಗೆ? ಹೊರಗೆ ನೋಡಿದರೆ ಹಿಮ ಬೀಳುತ್ತಿತ್ತು, ಎಲ್ಲೆಲ್ಲೂ ನೀರೇ ನೀರು! ಇಲ್ಲಿಯೇ ನಾನು ಎಡವಿದುದು. ತರಗತಿಯಲ್ಲಿ ವರ್ಷವರ್ಷವೂ ಹೇಳಿಕೊಡುವ ಪಾಠವನ್ನು ದೂರವಾಣಿಯಲ್ಲಿ ಮಾತನಾಡುವಾಗ ಮರೆತಿದ್ದೆ.

ಒಂದು ಘನಮೀಟರು ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಡಬಲ್ಲುದೆಂಬುದು ಉಷ್ಣತೆಯನ್ನು ಅವಲಂಬಿಸಿದೆ. ೦ ಡಿಗ್ರಿ ಸೆಲ್ಸಿಯಸಿನಲ್ಲಿ ಅದು ಹೆಚ್ಚೆಂದರೆ ೪.೮ ಗ್ರಾಂ. ೨೨ ಡಿಗ್ರಿಯಲ್ಲಿ ೧೯.೪ ಗ್ರಾಂ. ೨೭ ಡಿಗ್ರಿಯಲ್ಲಿ ಸುಮಾರು ೨೫.೮ ಗ್ರಾಂ. ಗಾಳಿಯಲ್ಲಿ ನಿಜವಾಗಿ ಇರುವ ಆವಿ ಈ ಗರಿಷ್ಠ ಪ್ರಮಾಣದ ನೂರರಲ್ಲಿ ಎಷ್ಟು ಭಾಗವೋ ಅದೇ ಸಾಪೇಕ್ಷ ಆರ್ದ್ರತೆ. ವಸ್ತುಗಳು ಒಣಗುವುದೂ ತೇವವಾಗುವುದೂ ಬಹುಮಟ್ಟಿಗೆ ಇದನ್ನು ಅನುಸರಿಸಿಯೇ.

ಈಗ ಲೆಕ್ಕ ಮಾಡೋಣ. ಹೊರಗೆ ೦ ಡಿಗ್ರಿ, ಗಾಳಿ ಪೂರ್ಣ ಸಂತೃಪ್ತವೆಂದೇ ಇಟ್ಟುಕೊಳ್ಳಿ, ಘನಮೀಟರಿಗೆ ೪.೮ ಗ್ರಾಂ ಆವಿ. ಈ ಗಾಳಿ ಬಾಗಿಲು ಕಿಟಕಿಗಳ ಸಂದಿಯಿಂದ ಒಳಗೆ ಬಂದು, ಮನೆಯ ಕಾವುಯಂತ್ರದಿಂದ ೨೨ ಡಿಗ್ರಿಗೆ ಏರುತ್ತದೆ. ಆವಿ ಅಷ್ಟೇ ಇದೆ, ಹಿಡಿಯಬಲ್ಲ ಪ್ರಮಾಣ ಮಾತ್ರ ೧೯.೪ಕ್ಕೆ ಏರಿದೆ. ಆರ್ದ್ರತೆ ನೂರರಿಂದ ಇಪ್ಪತ್ತೈದಕ್ಕೆ ಇಳಿಯಿತು. ಅಡಿಗೆಯ ಹಬೆ, ಮನೆಮಂದಿಯ ಉಸಿರು ಇದನ್ನು ತುಸು ಏರಿಸಬಹುದು, ಅಷ್ಟೆ. ನಾನು ತೂಗುಹಾಕಿಸಿದ್ದ ದೀಪವು ಪೆಟ್ಟಿಗೆಯೊಳಗಿನ ಗಾಳಿಯನ್ನು ೨೭ ಡಿಗ್ರಿಗೆ ಏರಿಸಿತ್ತು. ಅಲ್ಲಿ ೪.೮ನ್ನು ೨೫.೮ರಿಂದ ಭಾಗಿಸಬೇಕು, ಉತ್ತರ ನೂರಕ್ಕೆ ಹತ್ತೊಂಬತ್ತು. ಬೆಲ್ಲ ಕುಳಿತಿದ್ದುದು ಮರುಭೂಮಿಯ ಗಾಳಿಯಲ್ಲಿ.

ಹುಡುಗನಿಗೆ ಲೆಕ್ಕದಲ್ಲಿ ನಂಬಿಕೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಪೆಟ್ಟಿಗೆಯಲ್ಲಿ ಥರ್ಮಾಮೀಟರು ಇತ್ತೇ ಹೊರತು ಆರ್ದ್ರತಾಮಾಪಕವಿರಲಿಲ್ಲ. ಇನ್ನೊಂದು ಥರ್ಮಾಮೀಟರು ತಂದು ಅದರ ಬುರುಡೆಗೆ ಒದ್ದೆ ಬಟ್ಟೆಯ ತುಂಡನ್ನು ಸುತ್ತಿದೆವು. ಬೆಲ್ಲವನ್ನು ಹೊರಗೆ ತೆಗೆದು, ಎರಡನ್ನೂ ಪೆಟ್ಟಿಗೆಯಲ್ಲಿ ತೂಗುಬಿಟ್ಟು ರಟ್ಟಿನಿಂದ ಗಾಳಿ ಬೀಸಿದೆವು. ಒಣಗಿದ್ದ ಥರ್ಮಾಮೀಟರು ೨೭ರಲ್ಲಿ ನಿಂತಿತು. ಒದ್ದೆಯದು ಇಳಿಯುತ್ತ ಇಳಿಯುತ್ತ ೧೪ಕ್ಕೆ ಬಂದಿತು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ರೀತಿಯೇ ಇದು. ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ, ಗಾಳಿ ಒಣಗಿದಷ್ಟೂ ಈ ತಂಪು ಹೆಚ್ಚು. ಹದಿಮೂರು ಡಿಗ್ರಿ ಅಂತರಕ್ಕೆ ಕೋಷ್ಟಕದಲ್ಲಿ ಸುಮಾರು ಇಪ್ಪತ್ತು ಎಂದಿತ್ತು. ಹುಡುಗ ದೀಪದ ಗುಂಡಿಯನ್ನು ತಾನೇ ಹೋಗಿ ಆರಿಸಿದನು.

ಬೆರಳುಗಳ ಉಪಚಾರ ಅಂದೇ ಸಂಜೆ ಆಯಿತು. ಗಾಳಿಯಾಡಲು ರಂಧ್ರಗಳಿದ್ದ ಸಣ್ಣ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿದ ಕಾಗದದ ವಸ್ತ್ರವನ್ನು ಹಾಸಿ, ಹಲ್ಲಿಯನ್ನು ಇಪ್ಪತ್ತು ನಿಮಿಷ ಅದರಲ್ಲಿ ಇರಿಸಿದೆವು. ಆಮೇಲೆ ಒದ್ದೆ ಹತ್ತಿಯಿಂದ ಬೆರಳ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಸವರಿದೆವು. ಮೊದಲ ದಿನ ಎರಡು ಬೆರಳುಗಳ ಪೊರೆ ಬಂದಿತು; ಮಿಕ್ಕವು ಬರಲು ಇನ್ನೆರಡು ಸಂಜೆ ಬೇಕಾಯಿತು. ಒಣ ಪೊರೆಯನ್ನು ಎಂದೂ ಎಳೆಯಬಾರದು, ಅದರೊಡನೆ ಹೊಸ ಚರ್ಮವೂ ಕಿತ್ತುಬರುತ್ತದೆ. ಕಪ್ಪಾಗಿದ್ದ ಕಿರುಬೆರಳನ್ನು ಉರಗಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿದೆವು. ಅದರ ತುದಿ ಉಳಿಯದೆಂದೂ ತಾನಾಗಿ ಒಣಗಿ ಬೀಳಲು ಬಿಡಬೇಕೆಂದೂ ಅವರು ಹೇಳಿದರು. ಹಾಗೆಯೇ ಆಯಿತು. ಕಳೆದ ಬೆರಳು ಮತ್ತೆ ಬೆಳೆಯುವುದಿಲ್ಲ.

ದೀಪವಿಲ್ಲದೆ ಹಲ್ಲಿಗೆ ಚಳಿಯಾಗದೆ ಎಂದು ವಾಚಕರು ಕೇಳಬಹುದು, ಭಾವನವರೂ ಕೇಳಿದರು. ಉತ್ತರಕ್ಕೆ ನ್ಯೂ ಕ್ಯಾಲೆಡೋನಿಯದ ಹವೆಯನ್ನು ನೋಡಬೇಕು. ಅಲ್ಲಿಯ ಮುಖ್ಯ ಪಟ್ಟಣವಾದ ನೂಮೆಯದಲ್ಲಿ ತಂಪುಗಾಲದ ಸರಾಸರಿ ಉಷ್ಣತೆ ಸುಮಾರು ೨೦ ಡಿಗ್ರಿ, ಸೆಕೆಗಾಲದ್ದು ಸುಮಾರು ೨೬. ಸುತ್ತಲೂ ಸಮುದ್ರ, ಕಾಡಿನ ನೆರಳು, ಗಾಳಿಯಲ್ಲಿ ಸದಾ ತೇವ. ಈ ಪ್ರಾಣಿ ಹಗಲೆಲ್ಲ ಎಲೆಗಳ ಮರೆಯಲ್ಲಿ ಮಲಗಿದ್ದು ರಾತ್ರಿ ಹೊರಡುವುದಾದುದರಿಂದ ಬಿಸಿಲು ಕಾಯಿಸಿಕೊಳ್ಳುವ ಓತಿಕೇತದ ಅಭ್ಯಾಸವೂ ಇದಕ್ಕಿಲ್ಲ. ಆದ್ದರಿಂದ ೨೨ರಿಂದ ೨೬ ಡಿಗ್ರಿ ಇದಕ್ಕೆ ಹಿತ. ರಾತ್ರಿ ೨೦ಕ್ಕೆ ಇಳಿದರೂ ಬಾಧಕವಿಲ್ಲ. ೨೮ನ್ನು ದಾಟಿದರೆ ಸಂಕಟ. ಮೂವತ್ತರ ಮೇಲೆ ಹೆಚ್ಚು ಹೊತ್ತು ಇದ್ದರೆ ಪ್ರಾಣಕ್ಕೇ ಅಪಾಯ. ಮನುಷ್ಯರು ಅಂಗಿ ತೊಟ್ಟು ಸುಖವಾಗಿ ಕುಳಿತಿರುವ ಕೋಣೆಯ ಶಾಖವೇ ಇದಕ್ಕೆ ಸಾಕು. ‘ಶೀತರಕ್ತ’ ಎಂಬ ಮಾತನ್ನು ಕೇಳಿದೊಡನೆ ದೀಪ ಹುಡುಕುವ ನನ್ನಂಥವರು ಆ ಪದಕ್ಕೆ ‘ಸುತ್ತಲಿನ ಉಷ್ಣತೆಯನ್ನು ಅನುಸರಿಸುವ’ ಎಂದಷ್ಟೇ ಅರ್ಥವೆಂದು ನೆನಪಿಡಬೇಕು. ಯಾವ ಸುತ್ತಲು ಎಂಬುದು ಆಯಾ ಪ್ರಾಣಿಯ ತವರನ್ನು ಕೇಳಿ ತಿಳಿಯಬೇಕಾದ ವಿಷಯ.

ಇನ್ನು ತೇವವನ್ನು ಒದಗಿಸುವ ಬಗೆ. ಬೆಲ್ಲದ ಪೆಟ್ಟಿಗೆ ೪೫ ಸೆಂಟಿಮೀಟರು ಉದ್ದ, ಅಷ್ಟೇ ಅಗಲ, ೬೦ ಸೆಂಟಿಮೀಟರು ಎತ್ತರ. ಮರದ ಮೇಲೆ ಬಾಳುವ ಪ್ರಾಣಿಯಾದುದರಿಂದ ಎತ್ತರವೇ ಮುಖ್ಯ. ಅದರೊಳಗಿನ ಗಾಳಿ ಒಂದು ಘನಮೀಟರಿನ ಎಂಟರಲ್ಲೊಂದು ಭಾಗದಷ್ಟೂ ಇಲ್ಲ. ೨೨ ಡಿಗ್ರಿಯಲ್ಲಿ ಈ ಗಾಳಿಯ ಆರ್ದ್ರತೆಯನ್ನು ೨೫ರಿಂದ ೭೫ಕ್ಕೆ ಏರಿಸಲು ಬೇಕಾದ ನೀರು ಎಷ್ಟೆಂದು ಹುಡುಗನಿಂದಲೇ ಲೆಕ್ಕ ಮಾಡಿಸಿದೆ. ೧.೨ ಗ್ರಾಂ! ಚಹದ ಚಮಚದ ಕಾಲುಭಾಗ. ‘ಇಷ್ಟೇನಾ?’ ಎಂದನು. ಇಷ್ಟೇ. ಆದರೆ ಪೆಟ್ಟಿಗೆಯ ಮುಚ್ಚಳ ತಂತಿಬಲೆಯದು. ತೇವದ ಗಾಳಿ ಅದೇ ಉಷ್ಣತೆಯ ಒಣಗಾಳಿಗಿಂತ ಹಗುರ, ಏಕೆಂದರೆ ನೀರಿನ ಅಣು ಸಾರಜನಕ ಆಮ್ಲಜನಕಗಳ ಅಣುಗಳಿಗಿಂತ ಹಗುರ. ಅದು ಮೇಲೇರಿ ಬಲೆಯಿಂದ ಹೊರಟುಹೋಗುತ್ತದೆ, ಅದರ ಸ್ಥಾನಕ್ಕೆ ಕೋಣೆಯ ಒಣಗಾಳಿ ಬರುತ್ತದೆ. ದೀಪವಿದ್ದಾಗ ಕೇಳುವುದೇ ಬೇಡ, ಪೆಟ್ಟಿಗೆ ಒಂದು ಹೊಗೆಗೂಡೇ ಆಗುತ್ತದೆ. ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾಗುವುದೆಂದು ಎಣಿಸಿದರೂ ದಿನಕ್ಕೆ ೨೯ ಗ್ರಾಂ ನೀರು ಬೇಕು. ಅಷ್ಟನ್ನು ಗಾಳಿಯಲ್ಲಿ ಕೂಡಿಡಲಾಗದು; ಎಲೆ, ಮಣ್ಣು, ತೊಗಟೆಗಳಲ್ಲಿ ಕೂಡಿಟ್ಟು ಅವು ಮೆಲ್ಲಮೆಲ್ಲನೆ ಬಿಟ್ಟುಕೊಡುವಂತೆ ಮಾಡಬೇಕು.

ಆದುದರಿಂದ ತಂತಿಬಲೆಯ ಮೂರರಲ್ಲೆರಡು ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದೆವು. ತಳದಲ್ಲಿ ತೆಂಗಿನ ನಾರಿನ ಪುಡಿ ಹಾಸಿ, ಕುಂಡದಲ್ಲಿ ಮನಿಪ್ಲಾಂಟಿನ ಬಳ್ಳಿಯನ್ನಿಟ್ಟೆವು. ದೀಪ ಹೊತ್ತಿಸುವ ವೇಳೆಗೆ, ಅಂದರೆ ಪ್ರಾಣಿ ಏಳುವ ಹೊತ್ತಿಗೆ, ಎಲೆಗಳಿಂದ ಹನಿ ತೊಟ್ಟಿಕ್ಕುವಷ್ಟು ತುಂತುರು. ಬೆಳಗ್ಗೆ ಲಘುವಾಗಿ ಇನ್ನೊಮ್ಮೆ. ಈ ಹನಿಗಳನ್ನು ನೆಕ್ಕಿಯೇ ಅದು ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಬಟ್ಟಲಿನ ನೀರನ್ನು ಎಷ್ಟೋ ಹಲ್ಲಿಗಳು ಮೂಸುವುದೂ ಇಲ್ಲ. ಹೊಸದಾಗಿ ಕೊಂಡ ಆರ್ದ್ರತಾಮಾಪಕ ರಾತ್ರಿ ೮೦ ತೋರಿಸಿ, ಮಧ್ಯಾಹ್ನದ ಹೊತ್ತಿಗೆ ೫೦ರ ಸುಮಾರಿಗೆ ಇಳಿಯುತ್ತಿತ್ತು. ಈ ಇಳಿತವೂ ಅಗತ್ಯವೇ. ಸದಾ ನೀರು ಸೋರುವ ಪೆಟ್ಟಿಗೆಯಲ್ಲಿ ಬೂಷ್ಟು ಬೆಳೆದು ಚರ್ಮಕ್ಕೆ ರೋಗ ತಗಲುತ್ತದೆ. ಒಣಗಿಸಿ ಕೊಲ್ಲಲು ಹೊರಟಿದ್ದವನು ನೆನೆಸಿ ಕೊಲ್ಲಬಾರದಷ್ಟೆ!

ಆಹಾರದ ವಿಚಾರದಲ್ಲಿ ಈ ಹಲ್ಲಿ ನಮ್ಮ ಮನೆಯ ಹಲ್ಲಿಗಿಂತ ಬೇರೆ. ಹುಳುಹುಪ್ಪಟೆಗಳೊಡನೆ ಮಾಗಿದ ಹಣ್ಣು, ಹೂವಿನ ಮಕರಂದಗಳೂ ಇದಕ್ಕೆ ಬೇಕು. ಇದಕ್ಕೆಂದೇ ತಯಾರಿಸಿದ ಹಿಟ್ಟು ಅಂಗಡಿಯಲ್ಲಿ ದೊರೆಯುತ್ತದೆ. ನೀರಿನಲ್ಲಿ ಕಲಸಿ ಸಂಜೆ ಇಟ್ಟು ಮರುದಿನ ತೆಗೆಯುವುದು. ಅಕ್ಕನ ಕಲಸುವಿಕೆ ಇದೇ. ಮನೆಯ ಹಣ್ಣೊಂದನ್ನೇ ತಿನ್ನಿಸಿ ಸಾಕಲು ಹೋದವರಿಗೆ ಕೇಡು ಕಾದಿದೆ. ಸುಣ್ಣದ ಅಂಶವೂ ಡಿ೩ ಜೀವಸತ್ವವೂ ಸಾಲದೆಹೋದರೆ ಎಲುಬು ಮೆತ್ತಗಾಗಿ ದವಡೆ ಸೊಟ್ಟಾಗುತ್ತದೆ, ಬೆನ್ನು ಬಾಗುತ್ತದೆ. ಮೊಟ್ಟೆಯಿಡುವ ಹೆಣ್ಣಿಗೆ ಇದರ ಅಪಾಯ ಇನ್ನೂ ಹೆಚ್ಚು. ಜೀರುಂಡೆಗಳನ್ನು ಕೊಡುವುದಾದರೆ ಸುಣ್ಣದ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಹಲ್ಲಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡವು ಬೇಡ. ಎರಡು ಗಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಆರೋಗ್ಯವಾಗಿ ಕಾಣುವ ಉರಗವೂ ನಮ್ಮ ಹೊಟ್ಟೆಗೆ ಕೇಡು ಮಾಡುವ ರೋಗಾಣುಗಳನ್ನು ಹೊತ್ತಿರಬಹುದು.

ಬಾಲದ ಬಗ್ಗೆ ಒಂದು ಮಾತು. ಬೆದರಿದಾಗ ಬಾಲವನ್ನು ಕಳಚಿ ಓಡುವ ಉಪಾಯ ನಮ್ಮ ಮನೆಯ ಹಲ್ಲಿಗೂ ಗೊತ್ತು. ಅದಕ್ಕೆ ಮತ್ತೆ ಬಾಲ ಬೆಳೆಯುತ್ತದೆ. ಜುಟ್ಟಿನ ಹಲ್ಲಿಯ ಬಾಲ ಒಮ್ಮೆ ಹೋದರೆ ಹೋದಂತೆಯೇ. ಕಾಡಿನಲ್ಲಿ ಬಾಲವಿಲ್ಲದ ದೊಡ್ಡ ಹಲ್ಲಿಗಳು ಕಾಣಸಿಗುವುದು ಸಾಮಾನ್ಯ; ಅವು ಬದುಕಲು ಅಡ್ಡಿಯೇನಿಲ್ಲ. ಆದರೂ ಹಿಡಿಯುವಾಗ ಬಾಲಕ್ಕೆ ಕೈ ಹಾಕದಿರುವುದೇ ಲೇಸು. ಅಂಗೈಯನ್ನು ಮುಂದೆ ಚಾಚಿದರೆ ಅದು ತಾನಾಗಿಯೇ ನಡೆದು ಬರುತ್ತದೆ, ಮನಸ್ಸು ಬಂದರೆ ಹಾರಿಯೂ ಬರುತ್ತದೆ.

ಇದನ್ನೋದಿ ನಮ್ಮೂರಿನಲ್ಲೂ ಇಂಥದೊಂದನ್ನು ಸಾಕೋಣವೆಂದು ಯಾರಿಗಾದರೂ ಅನ್ನಿಸಿದರೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ರಾಯಚೂರು, ಕಲಬುರಗಿಗಳ ಮಾತಿರಲಿ, ಬೆಂಗಳೂರಿನಲ್ಲೂ ಏಪ್ರಿಲ್ ತಿಂಗಳ ಮಧ್ಯಾಹ್ನ ೩೪, ೩೫ ಡಿಗ್ರಿಗೆ ಏರುತ್ತದೆ. ಮಿಷಿಗನ್ನಿನ ಚಳಿಗಾಲದಲ್ಲಿ ತೇವದ ಕೊರತೆ ಹೇಗೋ ಹಾಗೆ ಇಲ್ಲಿ ಶಾಖದ ಅತಿರೇಕ. ತೇವದ ಕೊರತೆಯನ್ನು ಒಂದು ತುಂತುರು ಸೀಸೆಯಿಂದ ತುಂಬಬಹುದು. ಶಾಖವನ್ನು ಹೊರಹಾಕಲು ಹಗಲೂ ರಾತ್ರಿಯೂ ನಡೆಯುವ ತಂಪುಯಂತ್ರ ಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಮೂರು ನಾಲ್ಕು ಗಂಟೆ ವಿದ್ಯುತ್ತು ಹೋದರೆ ಆ ಪ್ರಾಣಿಯ ಗತಿಯೇನು? ನಮ್ಮ ಬಯಲುಸೀಮೆಯ ಮನೆಗಳಿಗೆ ಅದು ತಕ್ಕ ಪ್ರಾಣಿಯಲ್ಲ. ಪಾದದ ಚಮತ್ಕಾರವನ್ನು ನೋಡಬೇಕೆನ್ನುವವರು ಸಂಜೆ ದೀಪದ ಬಳಿ ಕಿಟಕಿಯ ಗಾಜಿನ ಮೇಲೆ ಬರುವ ನಮ್ಮ ಹಲ್ಲಿಯನ್ನು ಗಾಜಿನ ಆಚೆಯಿಂದ ಭೂತಗನ್ನಡಿ ಹಿಡಿದು ನೋಡಲಿ. ಪಟ್ಟಿಗಳು ಚೆನ್ನಾಗಿ ಕಾಣುತ್ತವೆ. ಹೆಜ್ಜೆ ಎತ್ತುವಾಗ ಅದು ಬೆರಳುಗಳನ್ನು ತುದಿಯಿಂದ ಹಿಂದಕ್ಕೆ ಸುರುಳಿ ಸುತ್ತುವುದನ್ನೂ ಕಾಣಬಹುದು. ರೋಮದ ಕೋನ ಬದಲಾದೊಡನೆ ಹಿಡಿತ ಬಿಡುತ್ತದೆ.

ನಾನು ಜನವರಿಯ ಮೊದಲ ವಾರ ಊರಿಗೆ ಹಿಂದಿರುಗಿದೆ. ಹುಡುಗ ಒಂದು 'ನೋಟ್‌ ಪುಸ್ತಕ'ದಲ್ಲಿ ದಿನಕ್ಕೆರಡು ಸಲ ಉಷ್ಣತೆಯನ್ನೂ ಆರ್ದ್ರತೆಯನ್ನೂ ಬರೆದಿಡತೊಡಗಿದ್ದನು. ಫೆಬ್ರವರಿಯಲ್ಲಿ ಅವನ ಕರೆ ಬಂದಿತು. ಬೆಲ್ಲ ಪೊರೆ ಬಿಟ್ಟಿತಂತೆ. ಬೆಳಗಿನ ಜಾವ ಎದ್ದು ಕಾದು ನೋಡಿದನಂತೆ. ಹತ್ತೊಂಬತ್ತು ಬೆರಳುಗಳಿಂದಲೂ ಪೊರೆ ಸಲೀಸಾಗಿ ಬಂದಿದೆ. ಇಪ್ಪತ್ತನೆಯದರ ಮೋಟು ಕೂಡ ಶುಭ್ರವಾಗಿದೆ. ಈಗ ಗಾಜಿನ ಮೇಲೆ ತಲೆಕೆಳಗಾಗಿ ನಿದ್ದೆ ಹೋಗುತ್ತದೆಂದೂ ಹೇಳಿದನು. ಆಮೇಲೆ ಅಕ್ಕ ದೂರವಾಣಿಯನ್ನು ತೆಗೆದುಕೊಂಡು, ಹಿಂದಿನ ರಾತ್ರಿ ಪೆಟ್ಟಿಗೆಯ ಬಾಗಿಲು ತೆರೆದಾಗ ಬೆಲ್ಲ ಭಾವನವರ ಬಲಭುಜದ ಮೇಲೆ ಬಿದ್ದಿತೆಂದೂ ಅದಕ್ಕೆ ಪಂಚಾಂಗದಲ್ಲಿ ಏನು ಫಲ ಬರೆದಿದೆ ನೋಡಿ ಹೇಳಬೇಕೆಂದೂ ಕೇಳಿದಳು. ‘ಬಿದ್ದಿದ್ದಲ್ಲಮ್ಮ, ಹಾರಿದ್ದು!’ ಎಂದು ಹುಡುಗ ಹಿಂದಿನಿಂದ ಕೂಗುತ್ತಿದ್ದನು.